ಖಾಲಿ ಕುರ್ಚಿಗೆ ಫ್ಯಾನು



ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. 1991ರಿಂದ ನಡೆದು ಬಂದಿದೆ. ಕಳೆದ ಸಲ ಆ ದಿನ ಪಹಣಿ ತಿದ್ದುಪಡಿಗೆಂದು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಗೋಡೆ ಮೇಲೆ ವಿದ್ಯುತ್ ಉಳಿಸಿ ಅಂತ ಬಣ್ಣದ ಭಿತ್ತಿಪತ್ರ. ಕೆಳಗೆ ಖಾಲಿ ಕುರ್ಚಿಗಳು, ಮೇಲೆ ಫ್ಯಾನುಗಳು ಗಿರ್ರಂತ ತಿರುಗ್ತಾ ಇದ್ವು. ಕುರ್ಚಿಗೂ ಸೆಕೆಯೇ?

ಲೆಕ್ಕ ಹಾಕೋಣ, ಬಡ್ಡಿ ಲೆಕ್ಕ ಹಾಕಿ ಹಾಕಿ ನಮಗದು ರೂಢಿ. ಹಳೇ ಫ್ಯಾನು ಸುಮಾರು 75 ವ್ಯಾಟ್. ಅಂಥ 10 ಫ್ಯಾನು 8 ಗಂಟೆ ತಿರುಗಿದರೆ 6 ಯೂನಿಟ್. 5 ಹೆಚ್.ಪಿ. ಪಂಪು ಗಂಟೆಗೆ ಸುಮಾರು 4 ಯೂನಿಟ್ ಎಳೆಯುತ್ತದೆ. ಅಂದರೆ ಒಂದೂವರೆ ಗಂಟೆಯ ನೀರು ಖಾಲಿ ಕುರ್ಚಿಗಳ ಪಾಲಾಯಿತು. ಕರೆಂಟು ಹಾಳು ಮಾಡೋರು ಮಾತ್ರ ರೈತರಂತೆ!

ನೌಕರರನ್ನು ಬೈಯುವುದು ನನ್ನ ಉದ್ದೇಶವಲ್ಲ. ಬಿಲ್ಲು ಖಜಾನೆಯಿಂದ ಹೋಗುತ್ತದೆ. ಎಷ್ಟು ಬಂತು ಅಂತ ಗುಮಾಸ್ತರಿಗೆ ಯಾರೂ ಹೇಳೋದಿಲ್ಲ. ಕಣ್ಣಿಗೆ ಕಾಣದ ಲೆಕ್ಕಕ್ಕೆ ಜಾಗೃತಿ ಎಲ್ಲಿಂದ ಬರಬೇಕು? ಭಾಷಣ, ಪ್ರತಿಜ್ಞೆ, ಫೋಟೋ, ಅಲ್ಲಿಗೆ ಮುಗೀತು. ಸ್ವಿಚ್ಚು ಆರಿಸೋ ಕೆಲಸ ಜವಾನನ ತಲೆಗೆ. ಅವನು ಸಾಹೇಬರ ಕೋಣೆಗೆ ಹೋಗಿ ಎ.ಸಿ. ಆರಿಸ್ತಾನೆಯೇ? 2020ರಿಂದ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಅದನ್ನು ಇಳಿಸೋ ರಿಮೋಟು ಯಾರ ಕೈಲಿದೆ?

ತಿಂಗಳ ಯೂನಿಟ್ಟು, ಹೋದ ವರ್ಷ ಅದೇ ತಿಂಗಳ ಯೂನಿಟ್ಟು, ಎರಡನ್ನೂ ಬಾಗಿಲ ಬಳಿ ಬೋರ್ಡಿನಲ್ಲಿ ಬರೆಯಲಿ. ಕೋಣೆಗೊಬ್ಬರು ಹೊಣೆಯಾಗಲಿ, ಮೊದಲ ಹೆಸರು ಸಾಹೇಬರದ್ದೇ ಇರಲಿ. ಕಚೇರಿಗೆ ಹೋದಾಗ ನೀವೂ ಇದನ್ನು ಕೇಳಿ. ಮುಂದಿನ ಡಿಸೆಂಬರ್ 14ಕ್ಕೆ ನಾನಂತೂ ಹೋಗಿ ಬೋರ್ಡು ಹುಡುಕುತ್ತೇನೆ.