ನಮ್ಮ ಚಾವಡಿಗೆ 55 ಇಂಚು ಯಾಕೆ ಬೇಡ

ಇಂಜಿನಿಯರಿಂಗ್ ಸೇರಿದ ಮೇಲೆ ಮನೆಯವರು ನಮಗೆ ಕೊಡುವ ಮೊದಲ ಪ್ರಾಜೆಕ್ಟ್ ಎಂತದು ಗೊತ್ತುಂಟಾ? ಟಿವಿ ಆರಿಸುವುದು. ಬ್ರಾಂಚ್ ಸಿವಿಲ್ ಆಗಿರಲಿ, ಮೆಕ್ಯಾನಿಕಲ್ ಆಗಿರಲಿ, "ನೀನು ಇಂಜಿನಿಯರಿಂಗ್ ಓದುವುದಲ್ವಾ, ನೀನೇ ನೋಡಿ ಹೇಳು" ಅಂತ ಜವಾಬ್ದಾರಿ ನಮ್ಮ ತಲೆಗೆ ಬೀಳ್ತದೆ. ನಾವು ಫೋನ್ ತೆಗೆದು ನಾಲ್ಕು ರಿವ್ಯೂ ವಿಡಿಯೋ ನೋಡ್ತೇವೆ. ಪ್ಯಾನೆಲ್, ರಿಫ್ರೆಶ್ ರೇಟ್, ಪ್ರೊಸೆಸರ್ ಎಲ್ಲ ಬಾಯಿಪಾಠ ಆಗ್ತದೆ. ಕೊನೆಗೆ ಬಜೆಟ್ಟಿನಲ್ಲಿ ಬರುವ ಅತಿ ದೊಡ್ಡ ಸೈಜ್ ಯಾವುದೋ ಅದನ್ನೇ ಹೇಳ್ತೇವೆ. ಟೇಪ್ ಹಿಡಿದು ಗೋಡೆ ಅಳೆಯುವವರು ಮಾತ್ರ ಕಡಿಮೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೇನೆ. ಜಾಲ್ಸೂರು, ಸುಳ್ಯ ಕಡೆಯ ಸಾಧಾರಣ ಮನೆಗಳ ಚಾವಡಿಗೆ 43 ಇಂಚು ಮೇಲಿನ ಮಿತಿ. ಬಾಗಿಲು, ಕಿಟಕಿ ಜಾಸ್ತಿ ಇದ್ದು ಗೋಡೆ ಕಡಿಮೆ ಇರುವ ಮನೆಗೆ 32 ಸಾಕು. 55 ಇಂಚಿನ ಟಿವಿ ಕೆಟ್ಟದು ಅಂತ ಅಲ್ಲ. ಅದು ನಮ್ಮ ಮನೆಗಳನ್ನು ನೋಡಿ ಮಾಡಿದ ಸೈಜ್ ಅಲ್ಲ, ಅಷ್ಟೇ.

ಜಾಲ್ಸೂರು ಹೇಳಿದರೆ ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡು ಕಡೆಗೆ ರಸ್ತೆ ಕವಲೊಡೆಯುವ ಜಾಗ. ಹಾಗಾಗಿ ಅಂಗಡಿಗೆ ಬರಗಾಲ ಇಲ್ಲ. ಒಂದು ಕಡೆ ಸುಳ್ಯ, ಇನ್ನೊಂದು ಕಡೆ ಪುತ್ತೂರು, ಗಡಿ ದಾಟಿದರೆ ಕಾಸರಗೋಡು. ಓಣಂಗೆ ಅಲ್ಲಿ ಆಫರ್, ದೀಪಾವಳಿಗೆ ಇಲ್ಲಿ ಆಫರ್. ಅದರ ಮೇಲೆ ಟ್ಯಾಕ್ಸ್ ಕೂಡ ಬದಲಾಗಿದೆ. ಮೊದಲು 32 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ ಶೇಕಡಾ 18, ಅದಕ್ಕಿಂತ ದೊಡ್ಡದಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18 ಆಯ್ತು. ಈಗ ಅಂಗಡಿಯಲ್ಲಿ "ಇನ್ನು ಸ್ವಲ್ಪ ಹಾಕಿದರೆ ದೊಡ್ಡದೇ ಬರ್ತದಲ್ಲಾ" ಎನ್ನುವ ಮಾತು ಮೊದಲಿಗಿಂತ ಸುಲಭ. ಆದರೆ ಟ್ಯಾಕ್ಸ್ ಕಡಿಮೆಯಾಯ್ತು ಅಂತ ಗೋಡೆ ಉದ್ದ ಆಗುವುದಿಲ್ಲ.

ಮೊದಲು ಅಳತೆ ನೋಡುವ. ಟಿವಿಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು, ಅಗಲ ಅಲ್ಲ. ಇದು ನಮಗೆಲ್ಲ ಗೊತ್ತಿರುವುದೇ. ಆದರೆ ಪೈಥಾಗೊರಸ್ ಹಾಕಿ ನೋಡುವುದಿಲ್ಲ. 16:9 ಅನುಪಾತದಲ್ಲಿ 32 ಇಂಚಿನ ಪರದೆಯ ಅಗಲ ಸುಮಾರು 28 ಇಂಚು, ಎತ್ತರ 16. 43ರದ್ದು 37.5 ಮತ್ತು 21. 55ರದ್ದು 48 ಮತ್ತು 27. ಅಂದರೆ 55 ಇಂಚಿನ ಟಿವಿಗೆ ಪರದೆಗೇ ನಾಲ್ಕು ಅಡಿ ಬೇಕು. ಮೇಲೆ ಫ್ರೇಮು, ಎರಡು ಬದಿಯಲ್ಲಿ ಗಾಳಿ ಆಡಲು, ಕೈ ಹಾಕಲು ಜಾಗ.

ಇನ್ನು ನಮ್ಮ ಚಾವಡಿ ನೋಡಿ. ಎದುರು ಬಾಗಿಲು, ಒಳಗೆ ಹೋಗುವ ಬಾಗಿಲು, ಕೋಣೆಯ ಬಾಗಿಲು. ಒಂದು ಅಥವಾ ಎರಡು ಕಿಟಕಿ. ದೇವರ ಫೋಟೋ, ಕ್ಯಾಲೆಂಡರ್, ಒಂದು ಮೂಲೆಯಲ್ಲಿ ಇನ್ವರ್ಟರ್. ಬಾಗಿಲು ತೆರೆದಾಗ ಅದು ಮುಚ್ಚುವ ಗೋಡೆಯನ್ನು ಲೆಕ್ಕದಿಂದ ಬಿಡಬೇಕು. ಎಲ್ಲ ಕಳೆದು ಉಳಿಯುವ ಖಾಲಿ ಗೋಡೆ ಹಲವು ಮನೆಗಳಲ್ಲಿ ನಾಲ್ಕೈದು ಅಡಿ. ಅಲ್ಲಿಗೆ 55 ಹಾಕಿದರೆ ಕಿಟಕಿಯ ಒಂದು ಬಾಗಿಲು ಪರ್ಮನೆಂಟಾಗಿ ಮುಚ್ಚಿಯೇ ಇರಬೇಕಾಗ್ತದೆ. ಮಳೆಗಾಲದಲ್ಲಿ ಮೊದಲೇ ಕತ್ತಲೆಯ ಮನೆ ಇನ್ನಷ್ಟು ಕತ್ತಲೆ.

"ಹಳೆ ಡಬ್ಬ ಟಿವಿ ಹೋಗಿ ಫ್ಲಾಟ್ ಬಂದ ಮೇಲೆ ಜಾಗ ಉಳೀತು" ಅಂತ ಎಲ್ಲರೂ ಹೇಳ್ತಾರೆ. ಅರ್ಧ ಸತ್ಯ. ದಪ್ಪ ಕಡಿಮೆಯಾಯ್ತು, ಹೌದು. ಆದರೆ ಹಳೆಯ ಡಬ್ಬ ಹಿಂದೆ ಹೋದ ಹಾಗೆ ಸಪೂರ ಆಗ್ತಿತ್ತು, ಹಾಗಾಗಿ ಮೂಲೆಯಲ್ಲಿ ಸರಿಯಾಗಿ ಕೂತುಕೊಳ್ತಿತ್ತು. ಫ್ಲಾಟ್ ಟಿವಿಯನ್ನು ಮೂಲೆಗೆ ಓರೆಯಾಗಿ ಇಟ್ಟರೆ ಮೂಲೆಯಿಂದ ಪರದೆಯ ಮಧ್ಯಕ್ಕೆ ಇರುವ ದೂರ ಅದರ ಅಗಲದ ಅರ್ಧ. 43 ಇಂಚಿನದ್ದಕ್ಕೆ ಅದು ಸುಮಾರು 19 ಇಂಚು, ಅಂದರೆ ಒಂದೂವರೆ ಅಡಿಗಿಂತ ಜಾಸ್ತಿ. ಹಳೆ ಡಬ್ಬ ತಿಂದ ಜಾಗವನ್ನೇ ಇದೂ ತಿಂತದೆ. ಹಿಂದೆ ಉಳಿಯುವ ತ್ರಿಕೋನದಲ್ಲಿ ಜೇಡರ ಬಲೆ ಬಿಟ್ಟರೆ ಬೇರೆ ಎಂತದೂ ಇರುವುದಿಲ್ಲ.

ಇನ್ನು ಶೋಕೇಸ್ ಇರುವ ಮನೆಗಳು. ಆಗ ಬಡಗಿ 21 ಇಂಚಿನ ಟಿವಿ ನೋಡಿ ಗೂಡು ಮಾಡಿಟ್ಟದ್ದು. ಆಳ ಬೇಕಾದಷ್ಟು, ಅಗಲ ಎರಡು, ಎರಡೂವರೆ ಅಡಿ. ಅದರಲ್ಲಿ ಹೆಚ್ಚೆಂದರೆ 24 ಇಂಚಿನ ಫ್ಲಾಟ್ ಟಿವಿ ಆರಾಮದಲ್ಲಿ ಕೂರ್ತದೆ. 32 ತುರುಕಿದರೆ ಒಳಗೆ ಹೋದೀತು, ಆದರೆ ಪೆನ್‌ಡ್ರೈವ್ ಹಾಕಲು ಕೈ ಹೋಗುವುದಿಲ್ಲ. ಇಂಥ ಕಡೆ ಶೋಕೇಸ್ ಒಡೆಯುವ ಬದಲು ಅದರ ಮೇಲಿನ ಗೋಡೆಗೆ, ಮಾಡಿನ ಹತ್ತಿರ, ಟಿವಿ ಹೊಡೆಸುವವರು ಇದ್ದಾರೆ. ಆಮೇಲೆ ಮನೆಯವರೆಲ್ಲ ಬಸ್ಸಿನ ಬೋರ್ಡ್ ಓದುವ ಹಾಗೆ ತಲೆ ಎತ್ತಿ ಧಾರಾವಾಹಿ ನೋಡಬೇಕು. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆಯಿಂದ ನಾಲ್ಕು ಅಡಿಯಲ್ಲಿ ಇರ್ತದೆ. ಚಾಪೆಯಲ್ಲಿ ಕೂತವರದ್ದು ಎರಡೂವರೆ ಅಡಿ. ಪರದೆಯ ಮಧ್ಯಭಾಗ ಈ ಎರಡರ ನಡುವೆ ಎಲ್ಲಾದರೂ ಬರಬೇಕು, ಏಳು ಅಡಿಯಲ್ಲಿ ಅಲ್ಲ.

"ಆದರೆ ಫಾರ್ಮುಲಾ ಉಂಟಲ್ಲಾ?" ಅಂತ ನಮ್ಮವರೇ ಕೇಳ್ತಾರೆ. ಉಂಟು. ಪರದೆ ಕಣ್ಣಿಗೆ 30 ಡಿಗ್ರಿ ಕೋನ ತುಂಬಬೇಕು ಎನ್ನುವುದು ಒಂದು ಪ್ರಸಿದ್ಧ ನಿಯಮ. ಲೆಕ್ಕ ಮಾಡಿದರೆ ಕೂರುವ ದೂರ ಟಿವಿ ಸೈಜಿನ ಸುಮಾರು 1.6 ಪಟ್ಟು ಬರ್ತದೆ. ಹತ್ತು ಅಡಿಯ ಚಾವಡಿಯಲ್ಲಿ ಕುರ್ಚಿಗೆ ಎರಡು ಅಡಿ ಬಿಟ್ಟರೆ ಕಣ್ಣಿನಿಂದ ಟಿವಿಗೆ ಎಂಟು ಅಡಿ, 96 ಇಂಚು. 1.6ರಿಂದ ಭಾಗಿಸಿದರೆ 60! ಅಂದರೆ ಫಾರ್ಮುಲಾ ಪ್ರಕಾರ 55 ಕೂಡ ಚಿಕ್ಕದೇ. ಈ ಲೆಕ್ಕ ಸುಳ್ಳಲ್ಲ. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ. ಒಬ್ಬ ಮನುಷ್ಯ, ಪರದೆಯ ಸರಿ ಎದುರು, ದೀಪ ಆರಿಸಿ, ಥಿಯೇಟರಿನ ಹಾಗೆ ಸಿನಿಮಾ ನೋಡುವುದಾದರೆ ಎಷ್ಟು ದೊಡ್ಡದು ಬೇಕು ಎನ್ನುವುದು ಅದರ ಪ್ರಶ್ನೆ. ನಮ್ಮ ಚಾವಡಿಯಲ್ಲಿ ಒಬ್ಬರು ಎಂಟು ಅಡಿ ದೂರ, ಇನ್ನೊಬ್ಬರು ಗೋಡೆ ಬದಿಯಲ್ಲಿ ನಾಲ್ಕು ಅಡಿ ಹತ್ತಿರ. ನಡುವೆ ಅಡುಗೆಮನೆಗೆ ಹೋಗುವ ದಾರಿ. ಅದೇ ಚಾವಡಿಯಲ್ಲಿ ರಾತ್ರಿ ಅಜ್ಜಿ ಮಲಗುವುದು, ಅದೇ ಚಾವಡಿಯಲ್ಲಿ ತಂಗಿ ಎಸ್ಸೆಸ್ಸೆಲ್ಸಿಗೆ ಓದುವುದು. ಇವರ ಯಾರ ಲೆಕ್ಕವೂ ಫಾರ್ಮುಲಾದಲ್ಲಿ ಇಲ್ಲ.

ಬದಿಯಲ್ಲಿ ಕೂತವರ ವಿಷಯಕ್ಕೆ ಒಂದು ಮಾತು. ವಿಎ ಪ್ಯಾನೆಲ್‌ನಲ್ಲಿ ಎದುರಿನಿಂದ ಕಪ್ಪು ಚೆನ್ನಾಗಿ ಕಾಣ್ತದೆ, ಬದಿಗೆ ಹೋದ ಹಾಗೆ ಬಣ್ಣ ಮಾಸ್ತದೆ. ಐಪಿಎಸ್ ಬದಿಯಿಂದಲೂ ಸುಮಾರು ಹಾಗೇ ಕಾಣ್ತದೆ. ಚಿಕ್ಕ ಚಾವಡಿಗೆ ಇದು ರಿಫ್ರೆಶ್ ರೇಟಿಗಿಂತ ಮುಖ್ಯ. ಅಂಗಡಿಯಲ್ಲಿ ಟಿವಿ ಎದುರು ನಿಂತು ನೋಡಬೇಡಿ, ಬದಿಗೆ ಹೋಗಿ ನೋಡಿ.

ಹಾಗೇ 4ಕೆ. ಸಾಧಾರಣ ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ವಿವರ ಗುರುತಿಸ್ತದೆ ಅಂತ ಲೆಕ್ಕ. ಎಂಟು ಅಡಿ ದೂರದಲ್ಲಿ ಅದು ಸುಮಾರು 0.7 ಮಿಲಿಮೀಟರ್. 43 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಪಿಕ್ಸೆಲ್ ಸುಮಾರು 0.5 ಮಿಲಿಮೀಟರ್, ಕಣ್ಣಿನ ಮಿತಿಗಿಂತ ಆಗಲೇ ಚಿಕ್ಕದು. ಅಷ್ಟು ದೂರದಲ್ಲಿ ಅದೇ ಸೈಜಿನ 4ಕೆಗೆ ದುಡ್ಡು ಹೆಚ್ಚು ಕೊಟ್ಟರೆ ಯಾರಿಗೂ ಕಾಣದ ಪಿಕ್ಸೆಲ್ ತಗೊಂಡ ಹಾಗೆ.

ದೊಡ್ಡ ಟಿವಿಯ ಪರವಾಗಿ ಒಂದು ಗಟ್ಟಿ ವಾದ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಣ್ಣು ಮಂಜಾದ ಅಜ್ಜ ಅಜ್ಜಿಯಂದಿರಿಗೆ ದೊಡ್ಡದು ಬೇಕು. ಗಡಿ ಹತ್ತಿರದ ನಮ್ಮ ಕಡೆ ಮಲಯಾಳಂ ಸಿನಿಮಾ ನೋಡುವವರು ಬೇಕಾದಷ್ಟು, ಸಬ್‌ಟೈಟಲ್ ಓದಲು ಆಗಬೇಕು. ಒಪ್ಪಿದೆ. 32ರಿಂದ 43ಕ್ಕೆ ಹೋದರೆ ಅಕ್ಷರ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗ್ತದೆ. ಹಾಗಾಗಿಯೇ ಗೋಡೆ ಇದ್ದರೆ 43 ಅಂತ ನಾನು ಹೇಳುವುದು. ಗೋಡೆ ಇಲ್ಲದಿದ್ದರೆ ಅಜ್ಜಿಯ ಕುರ್ಚಿ ಎರಡು ಅಡಿ ಮುಂದೆ ಇಡಿ. ಎಂಟು ಅಡಿಯಿಂದ ಆರು ಅಡಿಗೆ ಬಂದರೂ ಅಕ್ಷರ ಅಷ್ಟೇ ದೊಡ್ಡದಾಗಿ ಕಾಣ್ತದೆ, ಖರ್ಚು ಸೊನ್ನೆ. ಇನ್ನು 32ನ್ನು "ಚಿಕ್ಕದು" ಅಂತ ಹೀಯಾಳಿಸುವವರು ಒಂದು ಲೆಕ್ಕ ಮಾಡಲಿ. ಊರೆಲ್ಲ ಸೇರಿ ನೋಡುತ್ತಿದ್ದ ಆ 21 ಇಂಚಿನ ಡಬ್ಬದ ಚಿತ್ರಕ್ಕಿಂತ ಇದರ ಚಿತ್ರ ಎರಡು ಪಟ್ಟು ದೊಡ್ಡದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ: ಪ್ಲಗ್. ಏಪ್ರಿಲ್, ಮೇಯಲ್ಲಿ, ಆಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಸಂಜೆಯ ಗುಡುಗು ನಮ್ಮ ಕಡೆ ಹೇಗಿರ್ತದೆ ಅಂತ ಹಾಸ್ಟೆಲಿನವರಿಗೂ ಗೊತ್ತು. ದೂರದಲ್ಲಿ ಒಂದು ಗುಡುಗು ಕೇಳಿದ ಕೂಡಲೇ ಅಮ್ಮಂದಿರು ಮಾಡುವ ಮೊದಲ ಕೆಲಸ ಟಿವಿ ಪ್ಲಗ್ ಎಳೆಯುವುದು. ಅದು ಮೂಢನಂಬಿಕೆ ಅಲ್ಲ, ಸರಿಯಾದ ಇಂಜಿನಿಯರಿಂಗ್. ಮನೆಯ ಸಾಧಾರಣ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ, ನ್ಯೂಟ್ರಲ್ ಹಾಗೇ ಇರ್ತದೆ. ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿಲಿಮೀಟರ್, ಸಿಡಿಲಿನ ವೋಲ್ಟೇಜಿಗೆ ಅದೊಂದು ಅಡ್ಡಿಯೇ ಅಲ್ಲ. ಡಿಶ್ಶಿನ ಕೇಬಲ್ ಮಾಡಿನ ಮೇಲಿಂದ ಬರುವ ತಾಮ್ರ, ಅದನ್ನೂ ತೆಗೆಯಬೇಕು. ಫೈಬರ್ ಗಾಜಿನದ್ದು, ಅದು ಕರೆಂಟ್ ತರುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಇರುವುದು ಮನೆಯ ಲೈನಿನಲ್ಲೇ. ಇದೆಲ್ಲ ಗುಡುಗು ದೂರ ಇರುವಾಗಲೇ ಮಾಡಬೇಕು. ತಲೆ ಮೇಲೆ ಮಿಂಚುವಾಗ ಪ್ಲಗ್ಗಿಗೆ ಕೈ ಹಾಕಬಾರದು.

ಈಗ ಯೋಚನೆ ಮಾಡಿ. ಗೋಡೆಯಲ್ಲಿ ನಾಲ್ಕು ಅಡಿ ಎತ್ತರದಲ್ಲಿ ಸ್ವಿಚ್‌ಬೋರ್ಡ್. ಅದರ ಮೇಲೇ 55 ಇಂಚಿನ ಟಿವಿ, ಗೋಡೆಗೆ ಅಂಟಿದ ಹಾಗೆ. "ವಯರ್ ಕಾಣುವುದಿಲ್ಲ, ಚೆಂದ ಉಂಟು" ಅಂತ ಎಲ್ಲರೂ ಹೊಗಳ್ತಾರೆ. ಗುಡುಗು ಬಂದಾಗ ಮನೆಯಲ್ಲಿ ಇರುವುದು ಅಮ್ಮ ಮತ್ತು ಅಜ್ಜಿ ಮಾತ್ರ. ನಾವು ಇಲ್ಲಿ ಕ್ಲಾಸಿನಲ್ಲಿ. ಅವರು ಆ ಪ್ಲಗ್ಗನ್ನು ಹೇಗೆ ಎಳೆಯುವುದು? ಟಿವಿ ಹೋದರೆ ಹೋಯ್ತು ಅನ್ನಬಹುದು. ಆದರೆ ಆ ದುಡ್ಡು ಅಡಿಕೆ ಮಾರಿ ಬಂದದ್ದು. ಹಳದಿ ರೋಗ, ಎಲೆಚುಕ್ಕಿ ರೋಗ ಬಂದ ತೋಟಗಳ ಊರಿನಲ್ಲಿ ಅದು ವರ್ಷ ವರ್ಷ ಸುಲಭದಲ್ಲಿ ಬರುವ ದುಡ್ಡಲ್ಲ. ಆದ್ದರಿಂದ ಟಿವಿ ಇಟ್ಟ ಮೇಲೂ ಪ್ಲಗ್ಗಿಗೆ ಮನೆಯ ಅತಿ ವಯಸ್ಸಾದವರ ಕೈ ನೇರವಾಗಿ ಮುಟ್ಟಬೇಕು ಎನ್ನುವುದು ನನ್ನ ಒಂದನೇ ಕಂಡೀಷನ್. ಇದರಲ್ಲಿ ಫೇಲಾದ ಸೈಜ್ ಅಲ್ಲಿಗೇ ಔಟ್.

ಗೋಡೆ ಯಾವುದು ಅಂತಲೂ ನೋಡಬೇಕು. ಮಳೆ ಹೊಡೆಯುವ ಕಡೆಯ ಕೆಂಪುಕಲ್ಲಿನ ಗೋಡೆ ಜುಲೈಯಲ್ಲಿ ಒಳಗಿನಿಂದಲೂ ತೇವ ಆಗ್ತದೆ. ಅದಕ್ಕೆ ಟಿವಿ ಅಂಟಿಸಬಾರದು. ಕೆಂಪುಕಲ್ಲು ತೂತು ತೂತಿನ ಕಲ್ಲು, ಚಿಕ್ಕ ಸ್ಕ್ರೂ ಹಿಡಿಯುವುದಿಲ್ಲ. ಎಳೆದು ತಿರುಗಿಸುವ ಉದ್ದ ಕೈಯ ಸ್ಟ್ಯಾಂಡ್ ಆದರೆ ತೂಕ ಗೋಡೆಯಿಂದ ದೂರ ಹೋದಷ್ಟು ಸ್ಕ್ರೂ ಮೇಲಿನ ಎಳೆತ ಜಾಸ್ತಿ, ಮೊದಲ ಸೆಮಿಸ್ಟರಿನ ಮೊಮೆಂಟ್ ಲೆಕ್ಕ ಇದೇ. ಹಂಚಿನ ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಮಧ್ಯಾಹ್ನ ಅದರ ಬಿಸಿಲು ಎಲ್ಲಿ ಬೀಳ್ತದೆ ಅಂತಲೂ ನೋಡಿ.

ಉಳಿದ ದುಡ್ಡು ಎಂತ ಮಾಡುವುದು? ಶಬ್ದಕ್ಕೆ ಹಾಕಿ. ತೆಳು ಟಿವಿಗಳ ಸ್ಪೀಕರ್ ಚಿಕ್ಕದು, ಹಲವದರಲ್ಲಿ ಕೆಳಗೆ ಮುಖ ಮಾಡಿರ್ತದೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮನೆಯಲ್ಲಿ ಯೂಟ್ಯೂಬಿನಲ್ಲಿ ಆಟ ನೋಡುವವರು ಎಷ್ಟೋ ಜನ. ಶೀಟಿನ ಮೇಲೆ ಮಳೆ ಸುರಿಯುವಾಗ 55 ಇಂಚಿನಲ್ಲಿ ಭಾಗವತರ ಬಾಯಿ ಕಾಣ್ತದೆ, ಪದ ಕೇಳುವುದಿಲ್ಲ. 43 ಮತ್ತು ಒಂದು ಸಾಧಾರಣ ಸೌಂಡ್‌ಬಾರ್ ಇದ್ದರೆ ಎರಡೂ ಆಗ್ತದೆ.

ಮುಂದಿನ ಸಲ ಊರಿಗೆ ಹೋದಾಗ ಹೀಗೆ ಮಾಡಿ. ಹಳೆ ಪೇಪರುಗಳನ್ನು ಅಂಟಿಸಿ ಟಿವಿಯ ಹೊರ ಅಳತೆಗೆ ಕತ್ತರಿಸಿ, ಪರದೆಯ ಅಳತೆಗೆ ಅಲ್ಲ. ಕಾಲಿನಲ್ಲಿ ನಿಲ್ಲಿಸುವುದಾದರೆ ಎರಡು ಕಾಲಿನ ನಡುವಿನ ಅಂತರವನ್ನೂ ಕೇಳಿಕೊಳ್ಳಿ, ಕೆಲವದರಲ್ಲಿ ಕಾಲು ತೀರಾ ಎರಡು ತುದಿಗೆ ಇರ್ತದೆ, ಹಳೆ ಮೇಜು ಸಾಕಾಗುವುದಿಲ್ಲ. ಆ ಪೇಪರನ್ನು ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಬಾಗಿಲು ಪೂರ್ತಿ ತೆರೆಯಿರಿ, ಕಿಟಕಿ ತೆರೆಯಿರಿ, ಅಜ್ಜಿ ಹತ್ತಿರ ಪ್ಲಗ್ ಎಳೆದು ತೋರಿಸಲು ಹೇಳಿ. ಪೇಪರು ಯಾರಿಗೂ ಅಡ್ಡ ಬರಲಿಲ್ಲ ಅಂತಾದರೆ ಆ ಸೈಜ್ ತಗೊಳ್ಳಿ. ಅದು 55 ಆದರೂ ನನ್ನ ತಕರಾರು ಇಲ್ಲ. ಅಡ್ಡ ಬಂದರೆ ಒಂದು ಸೈಜ್ ಇಳಿಸಿ ಮತ್ತೆ ಕತ್ತರಿಸಿ. ರಿವ್ಯೂ ವಿಡಿಯೋ ಆಮೇಲೆ ನೋಡಿದರೆ ಸಾಕು ಮಾರಾಯ್ರೇ.