ಸುಂಕದ ಕಟ್ಟೆಗೆ ಬಂದ ಬೆಳಕು

ಸುಂಕದವನ ಮುಂದೆ ಸುಖದುಃಖಗಳನ್ನು ಹೇಳಿಕೊಂಡು ಫಲವಿಲ್ಲವೆಂಬುದು ಕನ್ನಡಿಗರ ಅನುಭವದ ಮಾತು. ಎರಡು ಸಾವಿರ ವರ್ಷಗಳ ಹಿಂದೆ ಯೆಹೂದ್ಯರ ನಾಡಿನಲ್ಲಿಯೂ ಸುಂಕದವನಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಇರಲಿಲ್ಲ. ರೋಮಿನ ಅಧಿಕಾರದ ನೆರಳಿನಲ್ಲಿ ನಿಂತು ತನ್ನವರಿಂದಲೇ ಹಣ ಕೀಳುವವನೆಂದು ಜನ ಅವನನ್ನು ಪಾಪಿಗಳ ಸಾಲಿಗೆ ಸೇರಿಸಿದ್ದರು. ಅಂತಹ ಒಬ್ಬ ಮತ್ತಾಯನನ್ನು ಯೇಸುಕ್ರಿಸ್ತನು ಸುಂಕದ ಕಟ್ಟೆಯಿಂದಲೇ ತನ್ನ ಶಿಷ್ಯನಾಗಲು ಕರೆದನು. ಅವನು ಎದ್ದು ಹೊರಟನು. ಮತ್ತಾಯನ ಸುವಾರ್ತೆಯಲ್ಲಿ ಈ ಪ್ರಸಂಗ ಒಂದೇ ವಚನದಲ್ಲಿ ಮುಗಿದುಹೋಗುತ್ತದೆ.

ಈ ಒಂದು ವಚನವನ್ನು ಇಟಲಿಯ ಚಿತ್ರಕಾರ ಕಾರವಾಜ್ಜೊ (1571–1610) ಹತ್ತು ಅಡಿಗೂ ಮಿಕ್ಕ ತೈಲಚಿತ್ರವಾಗಿ ಬೆಳೆಸಿದನು. 1599–1600ರಲ್ಲಿ ರಚಿತವಾದ ಆ ಚಿತ್ರ ರೋಮಿನ ಸಂತ ಲೂಯಿಯ ಚರ್ಚಿನಲ್ಲಿ ಇಂದಿಗೂ ಇದೆ. ಮಂಕುಗತ್ತಲೆಯ ಒಂದು ಕೋಣೆ; ಮೇಜಿನ ಸುತ್ತ ಐವರು. ಅವರ ಉಡುಪು ಬೈಬಲ್ಲಿನ ಕಾಲದ್ದಲ್ಲ, ಚಿತ್ರಕಾರನ ಕಾಲದ್ದು. ಬಲಗಡೆಯಿಂದ ಯೇಸು ಮತ್ತು ಪೇತ್ರರು ಬರಿಗಾಲಿನಲ್ಲಿ ಬಂದಿದ್ದಾರೆ. ಗೋಡೆಯಲ್ಲಿ ಕಿಟಕಿಯಿದ್ದರೂ ಬೆಳಕು ಅಲ್ಲಿಂದ ಬಂದುದಲ್ಲ. ಯೇಸುವಿನ ತಲೆಯ ಮೇಲಿನಿಂದ ಅದು ಓರೆಯಾಗಿ ಹರಿದು, ಅವನ ನೀಡಿದ ಕೈಯೊಡನೆ ಮೇಜಿನತ್ತ ಸಾಗುತ್ತದೆ.

ಈ ಐವರಲ್ಲಿ ಮತ್ತಾಯನು ಯಾರು? ಗಡ್ಡಧಾರಿಯೊಬ್ಬನು ಎಡಗೈ ಬೆರಳು ಚಾಚಿ, “ನಾನೇ?” ಎಂದು ಕೇಳುವಂತಿದೆ. ಕೆಲವು ವಿದ್ವಾಂಸರಾದರೋ, ಆ ಬೆರಳು ಅವನತ್ತ ತಿರುಗಿಲ್ಲ, ಮೇಜಿನ ಕೊನೆಯಲ್ಲಿ ತಲೆ ಬಾಗಿಸಿ ನಾಣ್ಯ ಎಣಿಸುತ್ತಿರುವ ತರುಣನತ್ತ ತಿರುಗಿದೆ, ಅವನೇ ಮತ್ತಾಯ ಎಂದು ವಾದಿಸುತ್ತಾರೆ. ಬೆರಳೊಂದನ್ನೇ ನೋಡಿದರೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಚಿತ್ರವನ್ನು ಅದರ ನೆರೆಹೊರೆಯಿಂದ ಬೇರ್ಪಡಿಸಿ ಓದುವುದು ಸರಿಯಲ್ಲ. ಅದೇ ಪ್ರಾರ್ಥನಾಮಂದಿರದಲ್ಲಿ ಅದೇ ಚಿತ್ರಕಾರನು ಬರೆದ ಇನ್ನೆರಡು ಚಿತ್ರಗಳಿವೆ: ಒಂದರಲ್ಲಿ ಮತ್ತಾಯನು ಸುವಾರ್ತೆ ಬರೆಯುತ್ತಿದ್ದಾನೆ, ಇನ್ನೊಂದರಲ್ಲಿ ಹುತಾತ್ಮನಾಗುತ್ತಿದ್ದಾನೆ. ಎರಡರಲ್ಲಿಯೂ ಅವನು ಗಡ್ಡವುಳ್ಳವನೇ. ಇಲ್ಲಿಯೂ ಬೆಳಕು ಗಡ್ಡಧಾರಿಯ ಮುಖವನ್ನೇ ನೇರವಾಗಿ ತಾಕಿದೆ.

ಹಾಗಾದರೆ ಆ ತರುಣನಿಗೆ ಚಿತ್ರದಲ್ಲಿ ಕೆಲಸವಿಲ್ಲವೇ? ಇದೆ, ಅದು ಸಣ್ಣದಲ್ಲ. ಕರೆ ಬಂದಾಗ ಗಡ್ಡಧಾರಿಯ ಬಲಗೈ ಇನ್ನೂ ನಾಣ್ಯಗಳ ಬಳಿಯಲ್ಲಿಯೇ ಇದೆ, ಕಣ್ಣು ಮಾತ್ರ ಬೆಳಕಿನತ್ತ ತಿರುಗಿದೆ. ಅದೇ ಮೇಜಿಗೆ ಕುಳಿತ ತರುಣನು ತಲೆಯೆತ್ತಲೂ ಇಲ್ಲ. ಅವನ ಪಕ್ಕದಲ್ಲಿ ನಿಂತ ಮುದುಕನು ಕನ್ನಡಕ ಹಿಡಿದು ನೋಡುತ್ತಿರುವುದೂ ಹಣವನ್ನೇ. ಬೆಳಕು ಒಂದೇ, ಕರೆಯೂ ಒಂದೇ. ಕೇಳಿಸಿಕೊಂಡವನು ಮತ್ತಾಯನಾದನು, ಎಣಿಸುತ್ತಲೇ ಉಳಿದವನು ಹೆಸರಿಲ್ಲದವನಾಗಿ ಉಳಿದನು.

ಯೋಗ್ಯನೊಬ್ಬನು ಆಯ್ಕೆಯಾದ ಕಥೆಯೆಂದು ಈ ಚಿತ್ರವನ್ನು ಅರ್ಥೈಸಿದರೆ ಅದರ ಸತ್ವ ಕುಂದುತ್ತದೆ. “ನಾನೇ?” ಎಂಬ ಸಂಕೋಚದಲ್ಲಿ ತನ್ನ ಅಯೋಗ್ಯತೆಯ ಅರಿವಿದೆ, ಆ ಅರಿವೇ ಬದಲಾವಣೆಯ ಮೊದಲ ಹೆಜ್ಜೆ. ಮನುಷ್ಯನು ಕುಳಿತ ಸ್ಥಳದಿಂದ ಅವನಿಗೆ ಬೆಲೆ ಕಟ್ಟುವವರು ಈ ಚಿತ್ರದ ಮುಂದೆ ಒಮ್ಮೆ ನಿಲ್ಲಬೇಕು. ಸುಂಕದ ಕಟ್ಟೆಗೂ ಬೆಳಕು ಬರುತ್ತದೆ. ತಲೆಯೆತ್ತುವವರು ಬೇಕು, ಅಷ್ಟೆ.