ಅರೆಸಿಹಿ ವೈನಿಗೆ ಫ್ರಾನ್ಸೇ ಆಗಬೇಕೆ?

ಭಾನುವಾರ ಮಧ್ಯಾಹ್ನ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ದೊನ್ನೆ ಬಿರಿಯಾನಿ ಕಟ್ಟಿಸಿಕೊಂಡು ಮನೆಗೆ ಹೊರಟವರಲ್ಲಿ ಕೆಲವರಿಗೆ ಈಗ ಜತೆಗೊಂದು ವೈನ್ ಬಾಟಲಿಯೂ ಬೇಕು. ಕೆಂಪು ಇರಲಿ, ಒಗರು ಬೇಡ, ತುಸು ಸಿಹಿ ಇರಲಿ, ಸಾಧ್ಯವಾದರೆ ಫ್ರಾನ್ಸಿನದ್ದೇ ಕೊಡಿ ಎನ್ನುತ್ತಾರೆ. ಈ ಬೇಡಿಕೆಯ ಮುಕ್ಕಾಲು ಪಾಲು ನಾಲಿಗೆಯದು, ಅದು ಸರಿಯಾಗಿಯೇ ಇದೆ. ಕೊನೆಯದು ಮಾತ್ರ ಲೇಬಲ್ಲಿನ ಮೋಹ.

ಫ್ರೆಂಚರು ಊಟದ ಜತೆ ಕುಡಿಯುವ ಕೆಂಪು ವೈನ್ ಬಹುಪಾಲು ಡ್ರೈ. ಹಣ್ಣಿನ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುದುಗಿ ಆಲ್ಕೋಹಾಲ್ ಆಗಿರುತ್ತದೆ. ಲೀಟರಿಗೆ ಸುಮಾರು 12ರಿಂದ 45 ಗ್ರಾಂ ಸಕ್ಕರೆ ಉಳಿದಿದ್ದರೆ ಐರೋಪ್ಯ ಒಕ್ಕೂಟದ ನಿಯಮದಂತೆ ಅದು ಅರೆಸಿಹಿ. ಫ್ರಾನ್ಸಿನಲ್ಲಿ ಆ ವರ್ಗದ ಹೆಸರಾಂತ ವೈನುಗಳೆಲ್ಲ ಹೆಚ್ಚಾಗಿ ಬಿಳಿ. ಕೆಂಪಿನಲ್ಲಿ ಸಿಹಿ ಹುಡುಕಿದರೆ ಸ್ಪೇನ್ ಗಡಿಯ ಬನ್ಯುಲ್ಸ್ ಸಿಗುತ್ತದೆ. ಗ್ರೆನಾಶ್ ದ್ರಾಕ್ಷಿಯ ರಸ ಅರ್ಧ ಹುದುಗಿರುವಾಗಲೇ ಸ್ಪಿರಿಟ್ ಸುರಿದು ಹುದುಗು ನಿಲ್ಲಿಸುತ್ತಾರೆ. ಅದು ಊಟಕ್ಕಲ್ಲ, ಚಾಕೊಲೇಟಿಗೆ.

ಹಾಗಾದರೆ ‘ಸಿಹಿ ವೈನ್ ಹೊಸಬರ ವೈನ್’ ಎಂದು ಮೂಗು ಮುರಿಯುವವರ ಮಾತು ನಿಜವೆ? ಅವರು ಒಮ್ಮೆ ಗುಂಟೂರು ಮೆಣಸಿನಕಾಯಿಯ ಮಟನ್ ಚಾಪ್ಸ್ ತಿಂದು ಒಗರು ಕ್ಯಾಬರ್ನೆ ಗುಟುಕರಿಸಿ ನೋಡಲಿ. ಆಲ್ಕೋಹಾಲ್ ಖಾರದ ಉರಿಗೆ ತುಪ್ಪ ಸುರಿಯುತ್ತದೆ, ಒಗರು ಕೊಡುವ ಟ್ಯಾನಿನ್ ಕಹಿಯಾಗುತ್ತದೆ, ಹಣ್ಣಿನ ರುಚಿ ಎಲ್ಲೋ ಹೋಗಿರುತ್ತದೆ. ತುಸು ಸಕ್ಕರೆ ಇದ್ದರೆ ಉರಿ ಇಳಿಯುತ್ತದೆ. ನಮ್ಮ ಅಡುಗೆಯ ಖಾರಕ್ಕೆ ಅರೆಸಿಹಿ ಕೆಂಪು ಬೇಕೇ ಬೇಕು. ಅದನ್ನು ಕೇಳಲು ಸಂಕೋಚ ಯಾಕೆ?

ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದು ಹಾಕಿದ ದೊನ್ನೆ ಬಿರಿಯಾನಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಕುಂದಾಪುರದ ಕೋಳಿ ಘೀ ರೋಸ್ಟಿಗೆ ಇನ್ನೂ ಚೆನ್ನ: ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ತುಪ್ಪ, ಚೂರು ಬೆಲ್ಲ ಕೂಡಿ ಪಾತ್ರೆಯ ತಳದಲ್ಲಿ ಕಂದಾಗಿ ಅಂಟುವ ಆ ಮಸಾಲೆಯಲ್ಲೇ ವೈನಿಗೆ ಹಿಡಿತ ಸಿಗುತ್ತದೆ. ಸಸ್ಯಾಹಾರಿಗಳಿಗೆ ಅನಾನಸ್ ಗೊಜ್ಜು, ಎಣ್ಣೆಗಾಯಿ. ತಿಳಿಸಾರಿನ ಜತೆ ಮಾತ್ರ ಬೇಡ, ಬಿಸಿ ಬಿಸಿ ಸಾರಿಗೆ ಯಾವ ವೈನೂ ಸರಿಹೊಂದದು. ಮೈಸೂರು ಪಾಕ್ ಇನ್ನೂ ಕೆಟ್ಟ ಜೋಡಿ. ತಿನಿಸು ವೈನಿಗಿಂತ ಸಿಹಿಯಾದರೆ ವೈನ್ ಹುಳಿ ನೀರಾಗುತ್ತದೆ.

ಈಗ ಲೇಬಲ್ಲಿನ ಮಾತು. ವಿದ್ಯಾರಣ್ಯಪುರದಿಂದ ಯಲಹಂಕ ದಾಟಿ ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಡೆ ಹೋದರೆ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರಗಳು ಸಿಗುತ್ತವೆ. ದಪ್ಪ ಸಿಪ್ಪೆ, ಗಾಢ ಬಣ್ಣ, ಮೂಗಿಗೆ ಬಡಿಯುವ ಘಮ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ತಳಿಶಾಸ್ತ್ರದ ಪ್ರಕಾರ ಇದು ಅಮೆರಿಕ ಮೂಲದ ಇಸಬೆಲ್ಲಾ. ಮಿತಿಮೀರಿದ ಉತ್ಪಾದನೆಗೆ ಕಡಿವಾಣ ಹಾಕಲು ಹೊರಟ ಫ್ರಾನ್ಸ್, 1934ರ ಕಾನೂನಿನಲ್ಲಿ ವೈನಿಗೆ ಬೇಡವೆಂದು ಪಟ್ಟಿ ಮಾಡಿದ ಆರು ತಳಿಗಳಲ್ಲಿ ಇಸಬೆಲ್ಲಾ ಕೂಡ ಒಂದು!

ಅವರು ಬೇಡವೆಂದ ಹಣ್ಣನ್ನು ನಾವಾದರೂ ಗೌರವಿಸಿದೆವೆ? ಜ್ಯೂಸು, ಜಾಮು, ಜತೆಗೆ ‘ಪೋರ್ಟ್’ ಹೆಸರಿನ ಕೆಮ್ಮಿನ ಔಷಧದಂಥ ಸಿಹಿ ವೈನು, ಅಲ್ಲಿಗೆ ಮುಗಿಯಿತು. 1988ರಲ್ಲಿ ಶುರುವಾದ ಗ್ರೋವರ್ ಕಂಪನಿ ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರಾನ್ಸಿನ ತಳಿಗಳನ್ನು ಬೆಳೆಸಿ, ಬೋರ್ಡೋದ ತಜ್ಞ ಮಿಶೆಲ್ ರೋಲಾಂ ಅವರ ಸಲಹೆ ಪಡೆದು ಒಳ್ಳೆಯ ಡ್ರೈ ವೈನ್ ಮಾಡಿ ತೋರಿಸಿತು. ಅಷ್ಟೇ ಶ್ರದ್ಧೆ ನಾಡಿನ ಹಣ್ಣಿಗೂ ಸಲ್ಲಬೇಕಿತ್ತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೆಂಗಳೂರು ನೀಲಿಯನ್ನೇ ತಾಯಿಯಾಗಿಸಿ ಅರ್ಕ ತೃಷ್ಣಾ, ಅರ್ಕ ಹನ್ಸ್ ಎಂಬ ವೈನ್ ತಳಿಗಳನ್ನು ರೂಪಿಸಿದೆ. ರಾಜ್ಯಕ್ಕೆ 2007ರಿಂದ ವೈನ್ ನೀತಿಯಿದೆ, ಮಂಡಳಿಯಿದೆ. ದ್ರಾಕ್ಷಿ ಉತ್ಸವದ ಮಳಿಗೆಗೆ ಕೊಡುವ ಉತ್ಸಾಹದಲ್ಲಿ ಕಾಲು ಭಾಗವನ್ನಾದರೂ ಮಂಡಳಿಯವರು ಹದವಾದ, ಸಕ್ಕರೆಯ ಪ್ರಮಾಣವನ್ನು ಲೇಬಲ್ಲಿನಲ್ಲೇ ನಮೂದಿಸಿದ ನೀಲಿ ದ್ರಾಕ್ಷಿಯ ಅರೆಸಿಹಿ ವೈನಿಗೆ ಕೊಡಲಿ.

ಅದು ಬರುವವರೆಗೆ ಫ್ರಾನ್ಸಿನದ್ದೇ ಸಿಕ್ಕರೆ ತಪ್ಪೇನಿಲ್ಲ, ಆಮದು ಸುಂಕದ ಭಾರ ಹೊರಲು ಜೇಬು ಸಿದ್ಧವಿದ್ದರೆ ಸಾಕು. ಬಡಿಸುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಏಪ್ರಿಲ್ ಸೆಕೆಯಲ್ಲಿ ಬೆಚ್ಚಗಾದ ಸಿಹಿ ವೈನ್ ಪಾನಕದಂತೆ ಅಂಟಂಟಾಗುತ್ತದೆ.